ಸೀಟು ಸಿಕ್ಕಿತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಕೊನೆಗೂ ಒಂದು ಕಡೆ ಸೀಟು ಸಿಕ್ಕಿತು. ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಪಿಎಚ್‌ಡಿ. ಫೀಸ್ ಇಲ್ಲ, ಸ್ಟೈಪೆಂಡ್ ಇದೆ. ಎಲ್ಲೆಲ್ಲಿ ಇಲ್ಲ ಅಂದರು, ವೇಟಿಂಗ್ ಲಿಸ್ಟ್‌ನಲ್ಲಿ ಹೇಗೆ ಕಾಯಿಸಿದರು ಅನ್ನೋದನ್ನು ಹೇಳಿ ಹೇಳಿ ನಿಮ್ಮ ತಲೆ ಆಗಲೇ ತಿಂದಿದ್ದೇನೆ, ಮತ್ತೆ ಬೇಡ. ಏಪ್ರಿಲ್ 15ರ ಗಡುವಿಗೆ ಮೊದಲೇ ಒಪ್ಪಿಗೆ ಕಳಿಸಿಬಿಟ್ಟೆ.

ಶಿಫಾರಸು ಪತ್ರ ಬರೆದುಕೊಟ್ಟ ಮೇಷ್ಟ್ರುಗಳಿಗೆ, ವಾರ ತಪ್ಪದೆ ಜೊತೆಗೆ ಕೂತು ಲ್ಯಾಟಿನ್ ಓದಿದವರಿಗೆ, ಅರ್ಜಿ ಶುಲ್ಕಕ್ಕೆ ಸಾಲ ಕೊಟ್ಟು ಇನ್ನೂ ವಾಪಸ್ ಕೇಳದ ಅಣ್ಣನಿಗೆ ಥ್ಯಾಂಕ್ಸ್.

ಉಳಿದದ್ದೆಲ್ಲ ನನ್ನ ರೂಮ್‌ಮೇಟ್‌ಗೆ. ಅವಳದ್ದು ಅಕೌಂಟ್ಸ್ ಕೆಲಸ. ಆಲ್ಫಾ, ಬೀಟಾ ಬಿಟ್ಟರೆ ಅವಳಿಗೆ ಗ್ರೀಕ್ ಗೊತ್ತಿಲ್ಲ.

ಅರ್ಜಿ ಜೊತೆ ಕೊಡುವ ಮಾದರಿ ಪ್ರಬಂಧಕ್ಕೆ ನಾನು ಆರಿಸಿಕೊಂಡಿದ್ದು ಪ್ರಾಚೀನ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್‌ನ ಇತಿಹಾಸದ ಮೂರನೇ ಪುಸ್ತಕದ 84ನೇ ಅಧ್ಯಾಯ. ಕ್ರಿ.ಪೂ. 427ರಲ್ಲಿ ಗ್ರೀಸ್‌ನ ಕೊರ್ಸೈರಾ ದ್ವೀಪದಲ್ಲಿ (ಈಗಿನ ಕಾರ್ಫು) ಊರವರೇ ಊರವರನ್ನು ಕೊಂದರಲ್ಲ, ಆ ಭಾಗದ ಕೊನೆಯಲ್ಲಿ ಬರುತ್ತದೆ. ಹೆಚ್ಚಿನ ಸಂಪಾದಕರು ಇದನ್ನು ಆವರಣದಲ್ಲಿ ಹಾಕುತ್ತಾರೆ, ಬೇರೆ ಯಾರೋ ಆಮೇಲೆ ಸೇರಿಸಿದ್ದು ಅಂತ. ಹಳೆಯ ಟಿಪ್ಪಣಿಕಾರರಿಗೂ ಅದೇ ಅನುಮಾನ ಇತ್ತು.

ಡಿಸೆಂಬರ್‌ನ ಆ ರಾತ್ರಿ ಪ್ರಬಂಧ ಪುಟಮಿತಿ ಮೀರಿತ್ತು, ವಾದ ಎಲ್ಲೋ ಕಳೆದುಹೋಗಿತ್ತು. ಅವಳು ಎದುರಿಗೆ ಕೂತು, 'ಓದು, ಕೇಳ್ತೀನಿ' ಅಂದಳು. ಓದಿದೆ. 'ಅದು ಅವನು ಬರೆದಿದ್ದಲ್ಲ ಅಂತ ಎಲ್ಲರೂ ಒಪ್ಪಿದ್ದಾರೆ ತಾನೇ? ಮತ್ತೆ ನಿಂದೇನು ಕೆಲಸ?' ಅಂತ ಕೇಳಿದಳು.

ಮೊದಲು ಸಿಟ್ಟು ಬಂತು. ಆಮೇಲೆ ಉತ್ತರ ಬಂತು. ಸೇರಿಸಿದವನು ಥುಸಿಡಿಡೀಸ್‌ನನ್ನು ಹೇಗೆ ಓದಿಕೊಂಡಿದ್ದ, ಯಾವ ಪದ, ಯಾವ ವಾಕ್ಯದ ವರಸೆ ಅವನಿಗೆ 'ಥುಸಿಡಿಡೀಸ್‌ನದು' ಅನ್ನಿಸಿತ್ತು? ನಾನು ಹುಡುಕುತ್ತಿದ್ದದ್ದು ಒಬ್ಬ ಹಳೆಯ ಓದುಗನನ್ನು. ಅದೇ ಪ್ರಬಂಧದ ಮೊದಲ ಪ್ಯಾರಾ ಆಯಿತು. ಅದಕ್ಕೆ ಸೇರದ ಪುಟಗಳನ್ನೆಲ್ಲ ಕಿತ್ತು ಹಾಕಿದೆವು.

ಮಧ್ಯದಲ್ಲಿ ಒಂದು ಸಲ ಲ್ಯಾಪ್‌ಟಾಪ್ ಮುಚ್ಚಿ ಅತ್ತುಬಿಟ್ಟೆ. ಶಾಲೆಯಿಂದಲೇ ಗ್ರೀಕ್ ಕಲಿತು ಬಂದವರ ಜೊತೆ ನಾನು ಯಾವ ಲೆಕ್ಕ? ಓದಿ ಮುಗಿಸಿದ ಮೇಲೂ ಈ ವಿಷಯದಲ್ಲಿ ಪಾಠ ಹೇಳುವ ಕೆಲಸಗಳು ತೀರಾ ಕಮ್ಮಿ. ವಯಸ್ಸು ಹೋಗಿ, ಕೆಲಸವೂ ಸಿಗದಿದ್ದರೆ? ಎಲ್ಲ ಸರಿಹೋಗುತ್ತೆ ಅಂತ ಅವಳು ಹೇಳಲಿಲ್ಲ. 'ಸಿಗದೇನೂ ಇರಬಹುದು. ಈಗ ಆ ಕೊನೇ ಪ್ಯಾರಾ ಇನ್ನೊಂದ್ಸಲ ಓದು' ಅಂದಳು. ಅರ್ಜಿ ಸಲ್ಲಿಕೆಯಾಗುವವರೆಗೆ ಎದ್ದು ಹೋಗಲಿಲ್ಲ. ಬೆಳಗ್ಗೆ ಅವಳಿಗೆ ಆಫೀಸ್ ಬೇರೆ ಇತ್ತು.

ಆ ಭಯ ಈಗಲೂ ಹೋಗಿಲ್ಲ. ಸೀಟು ಸಿಕ್ಕಿದ ಮಾತ್ರಕ್ಕೆ ಹೋಗುವಂಥದ್ದೂ ಅಲ್ಲ ಅಲ್ವಾ? ಆದರೆ ಭಯ ಇಟ್ಟುಕೊಂಡೇ ಕೂತು ಓದಬಹುದು ಅಂತ ಆ ರಾತ್ರಿ ಗೊತ್ತಾಯಿತು.

ಸದ್ಯಕ್ಕೆ ಜರ್ಮನ್ ಶುರು ಮಾಡಿದ್ದೇನೆ. ಗ್ರೀಕ್, ಲ್ಯಾಟಿನ್ ಸಾಲದು, ಸಂಶೋಧನೆ ಓದೋಕೆ ಜರ್ಮನ್, ಫ್ರೆಂಚ್ ಕೂಡ ಬೇಕು. ಮುಂದಿನ ಡಿಸೆಂಬರ್‌ಗೆ ಅರ್ಜಿ ಹಾಕುವವರು ಯಾರಾದರೂ ಇದ್ದರೆ ನಿಮ್ಮ ಪ್ರಬಂಧ ಕಳಿಸಿ, ಖಂಡಿತ ಓದುತ್ತೇನೆ. ರೂಮ್‌ಮೇಟ್ ನಂಬರ್ ಮಾತ್ರ ಕೇಳಬೇಡಿ, ಕೊಡಲ್ಲ.