ಇಂಗ್ಲಿಷ್ ಪದಗಳ ಕಲಿಕೆ: 4ರಿಂದ 7ನೇ ತರಗತಿಯ ಪೋಷಕರಿಗೆ ಪತ್ರ

ಬೆಂಗಳೂರು

ಆತ್ಮೀಯ ಪೋಷಕರಿಗೆ ನಮಸ್ಕಾರ.

ಮುಂದಿನ ವಾರದಿಂದ ನಿಮ್ಮ ಮಕ್ಕಳ ಇಂಗ್ಲಿಷ್ ಪದಗಳ ನೋಟ್‌ಬುಕ್ ಸ್ವಲ್ಪ ಬೇರೆ ಥರ ಕಾಣುತ್ತದೆ. ಇಷ್ಟು ದಿನ ವಾರಕ್ಕೆ 20 ಪದ, ಪಕ್ಕದಲ್ಲಿ ಕನ್ನಡ ಅರ್ಥ, ಸೋಮವಾರ ಉಕ್ತಲೇಖನ ಇರುತ್ತಿತ್ತು. ಇನ್ನು ಮೇಲೆ ವಾರಕ್ಕೆ 5 ಪದ ಮಾತ್ರ. "ಯಾಕೆ ಮೇಡಂ, ಇಷ್ಟು ಕಡಿಮೆ ಮಾಡಿಬಿಟ್ರಿ?" ಎಂದು ಕೆಲವರು ಗೇಟಿನ ಹತ್ತಿರವೇ ಕೇಳಿದಿರಿ. ಎಲ್ಲರಿಗೂ ಸರಿಯಾಗಿ ತಿಳಿಸೋಣ ಎಂದು ಈ ಪತ್ರ.

ನಮ್ಮ ಮಕ್ಕಳಿಗೆ ಅರ್ಥ ಬಾಯಿಪಾಠ ಬರುತ್ತದೆ. ಪದ ಬಳಸಲು ಬರುವುದಿಲ್ಲ. ಒಂದೇ ಒಂದು ಪದ ತೆಗೆದುಕೊಂಡು ಹೇಳುತ್ತೇನೆ: 'ಬಾರೋ'. (ಈ ಪದ ಹೇಳಿದ ಕೂಡಲೇ ಮಕ್ಕಳು ನಗುತ್ತಾರೆ, ಯಾರನ್ನೋ ಕರೆದ ಹಾಗೆ ಕೇಳಿಸುತ್ತದಲ್ಲ!) ಗೈಡಿನಲ್ಲಿ ಇದರ ಅರ್ಥ 'ಸಾಲ' ಎಂದಿತ್ತು. 'ಲೆಂಡ್' ಪದಕ್ಕೂ 'ಸಾಲ' ಎಂದೇ ಇತ್ತು. ಉಕ್ತಲೇಖನದಲ್ಲಿ ಎರಡನ್ನೂ ಸರಿಯಾಗಿ ಬರೆದ ಮಗು, ಪಕ್ಕದವಳ ಹತ್ತಿರ ಸ್ಕೇಲ್ ಕೇಳುವಾಗ "ಕ್ಯಾನ್ ಯು ಬಾರೋ ಮಿ ಯುವರ್ ಸ್ಕೇಲ್?" ಅಂದಿತು. ಮಗುವಿನ ತಪ್ಪೇನಿಲ್ಲ. ಕನ್ನಡದಲ್ಲಿ ಸಾಲ ಕೊಡುತ್ತೇವೆ, ಸಾಲ ತಗೊಳ್ಳುತ್ತೇವೆ, ಪದ ಒಂದೇ. ಇಂಗ್ಲಿಷಿನಲ್ಲಿ ತೆಗೆದುಕೊಳ್ಳುವವರದು ಬಾರೋ, ಕೊಡುವವರದು ಲೆಂಡ್. ಬಾರೋ ಜೊತೆ 'ಫ್ರಮ್' ಬರುತ್ತದೆ, ಲೆಂಡ್ ಜೊತೆ 'ಟು' ಬರುತ್ತದೆ. ಈ ವಿಷಯ ಶಬ್ದಾರ್ಥದ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ.

ಹಾಗಾಗಿ ಆ ದಿನ ಟೀಚರ್ ಪಟ್ಟಿ ಪಕ್ಕಕ್ಕಿಟ್ಟು ಅದೊಂದೇ ಪದ ಹಿಡಿದು ಕೂತರು. ಮನೆಯಲ್ಲಿ ಏನೇನು ತಂದು ವಾಪಸ್ ಕೊಡುತ್ತೀರಿ ಎಂದು ಕೇಳಿದರು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅದು 'ಕಡ' ಎಂದು ಒಬ್ಬ ಹೇಳಿದ. ಅಂಗಡಿಯವರ ಹತ್ತಿರ ಅಪ್ಪ ನೂರು ರೂಪಾಯಿ ತಗೊಂಡರೆ 'ಕೈಗಡ'. ಲೈಬ್ರರಿ ಪುಸ್ತಕ 'ಎರವಲು'. ಬ್ಯಾಂಕಿನದು 'ಲೋನ್'. ಆಮೇಲೆ ಒಬ್ಬಳು ಗಣಿತಕ್ಕೇ ಹೋದಳು. 52ರಲ್ಲಿ 38 ಕಳೆಯುವಾಗ ಹತ್ತರ ಸ್ಥಾನದಿಂದ ಒಂದು ಹತ್ತನ್ನು 'ಬಾರೋ' ಮಾಡುತ್ತೇವಲ್ಲ, ಅದನ್ನು ವಾಪಸ್ ಯಾವಾಗ ಕೊಡೋದು ಮಿಸ್? ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಬಾರೋ ಅಂದರೆ ಹಿಂತಿರುಗಿಸಬೇಕು ಎನ್ನುವುದು ಅವಳಿಗೆ ಪೂರ್ತಿ ಮನಸ್ಸಿಗೆ ಬಂದಿದ್ದರಿಂದಲೇ ಆ ಅನುಮಾನ ಹುಟ್ಟಿತು. ಆ ತರಗತಿಯ ಮಕ್ಕಳು ಈ ಪದವನ್ನು ಇನ್ನು ಮರೆಯುವುದಿಲ್ಲ ಎಂಬ ನಂಬಿಕೆ ನನಗಿದೆ.

ಪದಗಳಿಗೆ ಜೊತೆಗಾರರೂ ಇರುತ್ತಾರೆ. ಕಾಫಿಗೆ ಸ್ಟ್ರಾಂಗ್ ಅನ್ನುತ್ತೇವೆ. ಮಳೆಗೂ ಟ್ರಾಫಿಕ್ಕಿಗೂ ಹೆವಿ ಅನ್ನಬೇಕು. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ, ಬಳಕೆ ಹಾಗೆ. ನಾವು 'ಅದರ ಬಗ್ಗೆ ಚರ್ಚಿಸಿದೆವು' ಅನ್ನುತ್ತೇವೆ. ಅದೇ ಅಭ್ಯಾಸದಲ್ಲಿ ಮಕ್ಕಳು 'ಡಿಸ್ಕಸ್ ಅಬೌಟ್' ಎಂದು ಬರೆಯುತ್ತಾರೆ. ಡಿಸ್ಕಸ್ ಪದಕ್ಕೆ ಆ 'ಅಬೌಟ್' ಬೇಡ. ಇಂಥವು ಕೇಳಿ, ಓದಿ, ನಾಲ್ಕು ಸಲ ಬಳಸಿಯೇ ಬರಬೇಕು.

ಎಂ.ಜಿ. ರಸ್ತೆಯಲ್ಲಿ ಫರ್ಡಿನೆಂಡ್ ಕಿಟೆಲ್ ಅವರ ಪ್ರತಿಮೆಯನ್ನು ನೀವು ನೋಡಿರಬಹುದು. ಜರ್ಮನಿಯಿಂದ 1853ರಲ್ಲಿ ಭಾರತಕ್ಕೆ ಬಂದ ಅವರು ನಮ್ಮ ಭಾಷೆ ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಅದರಲ್ಲಿ ಅರ್ಥ ಕೊಟ್ಟು ಸುಮ್ಮನಾಗಲಿಲ್ಲ, ಜನ ಆಡುವ ಗಾದೆಗಳನ್ನೂ ಬಳಕೆಗಳನ್ನೂ ಸೇರಿಸಿದರು. ಒಂದು ಹೊಸ ಭಾಷೆಯ ಪದವನ್ನು ಹೇಗೆ ಹಿಡಿಯಬೇಕು ಎನ್ನುವುದಕ್ಕೆ ನಮ್ಮ ನಾಡಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ?

ಇನ್ನು ಮರೆವಿನ ಮಾತು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗಳ ಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕ ಇಟ್ಟು, 1885ರಲ್ಲಿ ಪ್ರಕಟಿಸಿದರು. ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಮರೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ಸಲ ಉರು ಹೊಡೆಯುವುದಕ್ಕಿಂತ ಬಿಟ್ಟು ಬಿಟ್ಟು ಓದಿದ್ದು ಹೆಚ್ಚು ಉಳಿಯುತ್ತದೆ. ಭಾನುವಾರ ರಾತ್ರಿ ಒಂದು ಗಂಟೆ ಕೂರಿಸುವ ಬದಲು ದಿನಕ್ಕೆ ಐದು ನಿಮಿಷ ಸಾಕು ಎಂದು ನಾವು ಹೇಳುವುದು ಇದಕ್ಕೇ.

"ನಮಗೇ ಇಂಗ್ಲಿಷ್ ಬರಲ್ಲ, ಹೇಗೆ ಹೇಳಿಕೊಡೋದು?" ಎಂದು ತುಂಬಾ ತಾಯಂದಿರು ಸಂಕೋಚಪಡುತ್ತಾರೆ. ದಯವಿಟ್ಟು ಸಂಕೋಚ ಬೇಡ. ನೀವು ಹೇಳಿಕೊಡಬೇಕಾಗಿಲ್ಲ, ಕೇಳಿಸಿಕೊಳ್ಳಬೇಕು. ಅಡುಗೆ ಮಾಡುತ್ತಲೇ ಕೇಳಿ: ಇವತ್ತಿನ ಪದ ಯಾವುದು? ಯಾರು ಯಾರಿಗೆ ಹೇಳುತ್ತಾರೆ? ನಮ್ಮ ಮನೆಯಲ್ಲಿ ಅದನ್ನು ಯಾವಾಗ ಹೇಳಬಹುದು? ಮಗು ಕನ್ನಡದಲ್ಲೇ ವಿವರಿಸಲಿ. ಕನ್ನಡದಲ್ಲಿ ಬಿಡಿಸಿ ಹೇಳಲು ಬಂದರೆ ಪದ ಗೊತ್ತಾಗಿದೆ ಎಂದೇ ಅರ್ಥ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಜ್ಜಿಯ ಹತ್ತಿರ 'ಕಡ', 'ಎರವಲು' ಕೇಳಿ ಬೆಳೆದ ಮಗುವಿಗೇ ಆ ದಿನದ ಪಾಠ ಬೇಗ ಹತ್ತಿತು.

ಫೋನಿನಲ್ಲಿ ಅರ್ಥ ನೋಡಬಹುದು, ಬೇಡ ಅನ್ನುವುದಿಲ್ಲ. ಆದರೆ ಒಂದು ಅರ್ಥ ನೋಡಿ ಮುಚ್ಚಿಬಿಡದೆ, ಉದಾಹರಣೆ ವಾಕ್ಯವನ್ನೂ ಓದಿಸಿ. ನಿಘಂಟು ಕೊಳ್ಳುವುದಾದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಹೊಸದೇ ಬೇಕೆಂದಿಲ್ಲ. ಪುಟ ತೆರೆದು ನೋಡಿ, ಪ್ರತಿ ಪದಕ್ಕೂ ವಾಕ್ಯ ಕೊಟ್ಟಿದ್ದರೆ ತಗೊಳ್ಳಿ.

ನೋಟ್‌ಬುಕ್ ಪ್ರತಿ ಶುಕ್ರವಾರ ಮನೆಗೆ ಬರುತ್ತದೆ. ಪ್ರತಿ ಪದಕ್ಕೂ ಮಗುವಿನ ಸ್ವಂತ ವಾಕ್ಯ ಒಂದಿರಬೇಕು. ಅದರಲ್ಲಿ ನಿಮ್ಮ ಮನೆ, ನಿಮ್ಮ ಬೀದಿ, ನಿಮ್ಮ ಬಸ್ಸು ಬರಲಿ. ಗೈಡಿನಿಂದ ಇಳಿಸಿದ ವಾಕ್ಯಕ್ಕೆ ಅಂಕ ಇಲ್ಲ. ಸ್ಪೆಲ್ಲಿಂಗ್ ತಪ್ಪಿದ್ದರೆ ಟೀಚರ್ ತಿದ್ದುತ್ತಾರೆ, ಅಂಕ ಕಳೆಯುವುದಿಲ್ಲ. ದಯವಿಟ್ಟು ನೀವೇ ವಾಕ್ಯ ಬರೆದುಕೊಡಬೇಡಿ. ಮಗುವಿನಿಂದ ಒಮ್ಮೆ ಗಟ್ಟಿಯಾಗಿ ಓದಿಸಿ, ಸಹಿ ಹಾಕಿ ಸೋಮವಾರ ಕಳಿಸಿ. ಅರ್ಧವಾರ್ಷಿಕ ಪರೀಕ್ಷೆಯ ಮಾದರಿಯಲ್ಲಿ ಬದಲಾವಣೆ ಇಲ್ಲ. ಏನಾದರೂ ಕೇಳುವುದಿದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ನಾನೂ ಇಂಗ್ಲಿಷ್ ಟೀಚರೂ ಸ್ಟಾಫ್ ರೂಮಿನಲ್ಲಿ ಇರುತ್ತೇವೆ, ಬನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ