ಮಗು ಇದ್ದಕ್ಕಿದ್ದಂತೆ ಬದಲಾದರೆ: ಪೋಷಕರಿಗೆ ಪತ್ರ

ಉಡುಪಿ

ಪ್ರಿಯ ಪೋಷಕರೇ, ನಮಸ್ಕಾರ.

ಫೀಸು, ಮಳೆ ರಜೆ, ಯೂನಿಫಾರ್ಮ್ ಬಗ್ಗೆ ಬರೆದು ಬರೆದು ನಿಮಗೂ ನನಗೂ ಸಾಕಾಗಿದೆ. ಈ ಸಲ ಒಂದು ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ. ಅದರ ಹೆಸರು ಆಟೋಇಮ್ಯೂನ್ ಎನ್ಸೆಫಲೈಟಿಸ್, ಅಂದರೆ ಮಿದುಳಿನ ಒಂದು ಬಗೆಯ ಉರಿಯೂತ. ನಮ್ಮ ಶಾಲೆಯ ಹುಡುಗಿಯೊಬ್ಬಳು ಇದರಿಂದ ಚೇತರಿಸಿಕೊಂಡು ಮತ್ತೆ ತರಗತಿಗೆ ಬರುತ್ತಿದ್ದಾಳೆ. ‘ಬೇರೆಯವರಿಗೂ ತಿಳಿಯಲಿ ಟೀಚರ್’ ಎಂದು ಅವಳ ಅಮ್ಮನೇ ಹೇಳಿದ್ದರಿಂದ ಈ ಪತ್ರ. ಅವಳು ಯಾರು ಎಂದು ದಯವಿಟ್ಟು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೇಳಬೇಡಿ.

ಇದು ಅಪರೂಪದ ಕಾಯಿಲೆ. ಅಂಟುವುದೂ ಇಲ್ಲ. ಪಕ್ಕದಲ್ಲಿ ಕೂತರೆ, ಬುತ್ತಿ ಹಂಚಿಕೊಂಡರೆ ಯಾರಿಗೂ ಬರುವುದಿಲ್ಲ.

ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ಪ್ರತಿಕಾಯಗಳು ಇಲ್ಲಿ ಮಿದುಳಿನ ಮೇಲೇ ತಿರುಗಿ ಬೀಳುತ್ತವೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇದರಲ್ಲಿ ಹಲವು ಬಗೆ. ಮಕ್ಕಳಲ್ಲಿ ಮತ್ತು ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಜಾಸ್ತಿ ಕಾಣುವ ಒಂದು ಬಗೆಯ ಪ್ರತಿಕಾಯವನ್ನು ನರರೋಗ ತಜ್ಞ ಡಾ. ಜೋಸೆಪ್ ದಾಲ್ಮಾವು ಮತ್ತು ಸಂಗಡಿಗರು ಗುರುತಿಸಿದ್ದು 2007ರಲ್ಲಿ. ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಎಂದು ಆ ಬಗೆಯ ಹೆಸರು. ಎನ್‌ಎಂಡಿಎ ರಿಸೆಪ್ಟರ್ ಅಂದರೆ ಆ ಪ್ರತಿಕಾಯಗಳು ಎರಗುವ, ಮಿದುಳಿನ ಕೋಶಗಳ ಮೇಲಿನ ಒಂದು ಪ್ರೋಟೀನ್. ಅದಕ್ಕೂ ಮೊದಲು ಇಂಥ ಎಷ್ಟು ಮಕ್ಕಳಿಗೆ ಹುಚ್ಚು ಎಂಬ ಹಣೆಪಟ್ಟಿ ಬಿದ್ದಿತ್ತೋ ಏನೋ.

ನಮ್ಮ ಹುಡುಗಿಯ ವಿಷಯದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕಾಪಿ ಪುಸ್ತಕ. ಗುಂಡಗೆ ಬರೆಯುತ್ತಿದ್ದವಳ ಅಕ್ಷರ ಒಂದೇ ವಾರದಲ್ಲಿ ಗೆರೆ ಬಿಟ್ಟು ಓಡಿತ್ತು. ಒಂದೇ ಪದ ಸಾಲುಪೂರ್ತಿ. ಅದಕ್ಕೂ ಕೆಲವು ದಿನ ಮೊದಲು ಸಣ್ಣ ಜ್ವರ, ತಲೆನೋವು ಬಂದು ಹೋಗಿತ್ತಂತೆ. ಆಮೇಲೆ ರಾತ್ರಿ ನಿದ್ದೆ ಇಲ್ಲ. ಯಾರೋ ಕರೆಯುತ್ತಿದ್ದಾರೆ ಎಂಬ ಭಯ. ಮಾತು ಕಮ್ಮಿಯಾಗುತ್ತಾ ಬಂತು, ತುಟಿ ಸುಮ್ಮಸುಮ್ಮನೆ ಅಗಿದ ಹಾಗೆ ಅಲುಗುತ್ತಿತ್ತು. ಕೊನೆಗೆ ಫಿಟ್ಸ್. ಎಲ್ಲರಿಗೂ ಇದೇ ಕ್ರಮದಲ್ಲಿ ಬರಬೇಕೆಂದಿಲ್ಲ. ಸಣ್ಣ ಮಕ್ಕಳಲ್ಲಿ ವಿಪರೀತ ಹಟ, ಫಿಟ್ಸ್, ಕೈಕಾಲಿನ ವಿಚಿತ್ರ ಚಲನೆ ಮೊದಲೇ ಕಾಣಬಹುದು.

ಹದಿಹರೆಯದ ಸಿಡುಕು ನಿಮಗೂ ಗೊತ್ತು, ನಮಗೂ ಗೊತ್ತು. ಬಾಗಿಲು ಬಡಿಯುವ ಮಕ್ಕಳನ್ನೆಲ್ಲ ಆಸ್ಪತ್ರೆಗೆ ಓಡಿಸಬೇಡಿ. ಆದರೆ ಕೆಲವೇ ದಿನಗಳಲ್ಲಿ, ಕೆಲವೇ ವಾರಗಳಲ್ಲಿ ಮಗು ಬೇರೆಯೇ ಆಗಿಬಿಟ್ಟರೆ, ಜೊತೆಗೆ ಮರೆವು, ಮಾತು ತೊದಲುವುದು, ಫಿಟ್ಸ್ ಇದ್ದರೆ ತಡ ಮಾಡಬೇಡಿ. ಫಿಟ್ಸ್ ನಿಲ್ಲದಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ ನೇರ 108ಕ್ಕೆ ಫೋನ್ ಮಾಡಿ. ಉಳಿದಂತೆ, ಮಣಿಪಾಲದಲ್ಲಿ, ಮಂಗಳೂರಿನಲ್ಲಿ ನರರೋಗ ತಜ್ಞರಿದ್ದಾರೆ. ಹಿಂದೆ ಚೆನ್ನಾಗಿದ್ದ ಮಗು ಯಾವ ದಿನದಿಂದ ಹೀಗಾಯಿತು ಎಂದು ಬರೆದಿಟ್ಟುಕೊಂಡು ಹೋಗಿ. ಮೊಬೈಲಿನಲ್ಲಿ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ದೈವಕ್ಕೆ ಹರಕೆ ಹೇಳಿಕೊಳ್ಳಿ, ಬೇಡ ಅನ್ನುವುದಿಲ್ಲ. ನಾನೂ ಹೇಳಿಕೊಳ್ಳುವವಳೇ. ಆದರೆ ಮೊದಲು ಪ್ರಶ್ನೆ ಇಡಿಸಿ, ನೂಲು ಕಟ್ಟಿಸಿ, ಅದೂ ಆಗದಿದ್ದರೆ ಆಸ್ಪತ್ರೆ ಅನ್ನುವ ಲೆಕ್ಕ ಬೇಡ. ‘ಊರಿಗೆ ಗೊತ್ತಾದರೆ ನಾಳೆ ಮದುವೆಗೆ ತೊಂದರೆ’ ಎಂದು ಹೆಣ್ಣುಮಗಳನ್ನು ಕೋಣೆಯೊಳಗೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ.

ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಗೆ ಹೆದರಿ ಡಿಸ್ಚಾರ್ಜ್ ಮಾಡಿಸಿಕೊಂಡು ಬರುವವರಿದ್ದಾರೆ. ಕಾಲು ಬಿದ್ದುಹೋಗುತ್ತದೆ ಎಂಬ ಭಯ. ಸೂಜಿ ಹಾಕುವುದು ಸೊಂಟದ ಹತ್ತಿರ, ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ವೈರಸ್ ಸೋಂಕೋ ಇದೋ ಎಂದು ತಿಳಿಯಲು ಆ ನೀರು ಬೇಕೇ ಬೇಕು. ರಕ್ತದಲ್ಲಿ ಸಿಗದ ಪ್ರತಿಕಾಯ ಕೆಲವೊಮ್ಮೆ ಅದರಲ್ಲಿ ಸಿಗುತ್ತದೆ. ಎಂಆರ್‌ಐ ನಾರ್ಮಲ್ ಬಂತು ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದುಕೊಳ್ಳಬೇಡಿ. ಈ ಕಾಯಿಲೆಯಲ್ಲಿ ಎಂಆರ್‌ಐ ಎಷ್ಟೋ ಸಲ ನಾರ್ಮಲ್ಲೇ ಇರುತ್ತದೆ. ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿಯನ್ನೂ ಮಾಡುತ್ತಾರೆ. ಹುಡುಗಿಯರಿಗೆ ಹೊಟ್ಟೆಯ ಸ್ಕ್ಯಾನ್ ಬರೆದರೆ ಗಾಬರಿಯಾಗಬೇಡಿ. ಕೆಲವರಲ್ಲಿ ಅಂಡಾಶಯದ ಗೆಡ್ಡೆಯೊಂದು ಇದಕ್ಕೆ ಕಾರಣವಾಗಿರುತ್ತದೆ, ಅದನ್ನು ತೆಗೆದರೆ ಗುಣವಾಗಲು ಸಹಾಯವಾಗುತ್ತದೆ.

ಚಿಕಿತ್ಸೆ ಇದೆ. ರಕ್ತನಾಳದ ಮೂಲಕ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ), ಇಲ್ಲವೇ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬದಲಿಸುವುದು. ಅದಕ್ಕೂ ಬಗ್ಗದಿದ್ದರೆ, ರೋಗನಿರೋಧಕ ವ್ಯವಸ್ಥೆಯನ್ನು ಹತ್ತಿಕ್ಕುವ ರಿಟುಕ್ಸಿಮ್ಯಾಬ್‌ನಂಥ ಔಷಧ. ಎನ್‌ಎಂಡಿಎ ಬಗೆಯ 577 ರೋಗಿಗಳ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಎರಡು ವರ್ಷದವರೆಗೆ ಗಮನಿಸಿದವರ ಪೈಕಿ ನೂರಕ್ಕೆ 80ರಷ್ಟು ಜನ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಸುಧಾರಿಸಿದ್ದರು. ಬೇಗ ಚಿಕಿತ್ಸೆ ಸಿಕ್ಕಿದವರಿಗೆ ಫಲ ಹೆಚ್ಚು. ಕೆಲವರಿಗೆ ಮತ್ತೆ ಮರುಕಳಿಸುವುದೂ ಉಂಟು. ಹಾಗಾಗಿ ಮಾತ್ರೆಯನ್ನು, ತಪಾಸಣೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಗುಣವಾಗುವುದು ನಿಧಾನ. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಮರೆವು, ಸುಸ್ತು, ಸಿಟ್ಟು ಇರಬಹುದು. ಇಂಥ ಮಕ್ಕಳಿಗೆ ಶಾಲೆಯಲ್ಲಿ ಅರ್ಧ ದಿನದ ತರಗತಿ, ಕಿರುಪರೀಕ್ಷೆಗೆ ಹೆಚ್ಚು ಸಮಯ, ನೋಟ್ಸ್‌ನ ಜೆರಾಕ್ಸ್ ಎಲ್ಲ ವ್ಯವಸ್ಥೆ ಮಾಡುತ್ತೇವೆ. ಹಾಜರಿಯ ಚಿಂತೆ ಆಮೇಲೆ. ಡಿಸ್ಚಾರ್ಜ್ ಕಾಗದದ ಒಂದು ಪ್ರತಿಯನ್ನು ಆಫೀಸಿಗೆ ಕೊಟ್ಟಿರಿ, ಸಾಕು. ತರಗತಿಯಲ್ಲಿ ನಮಗೆ ಏನಾದರೂ ಅನುಮಾನ ಬಂದರೆ ನಾವೇ ಫೋನ್ ಮಾಡುತ್ತೇವೆ. ‘ನಮ್ಮ ಮಗುವಿನ ಮೇಲೆ ದೂರು’ ಎಂದು ಭಾವಿಸದೆ ಒಮ್ಮೆ ಬಂದು ಮಾತಾಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ