ವಿಶ್ವಶಾಂತಿಯ ಬಗ್ಗೆ ಬರೆಯಹೊರಟ ತಮ್ಮನಿಗೆ

ಪ್ರೀತಿಯ ತಮ್ಮ,

ನೀನು ಕಳಿಸಿದ ಲೇಖನ ಓದಿದೆ. ‘ವಿಶ್ವಶಾಂತಿಗೆ ಬೌದ್ಧ ಕರುಣೆ’ ಎಂಬ ಶೀರ್ಷಿಕೆಯಿಂದ ಹಿಡಿದು ‘ಸರ್ವೇ ಜನಾಃ ಸುಖಿನೋ ಭವಂತು’ ಎಂಬ ಕೊನೆಯ ಸಾಲಿನವರೆಗೆ ಒಂದು ಕಾಗುಣಿತದ ತಪ್ಪೂ ಇಲ್ಲ. ಹಾಗೆಯೇ ಒಬ್ಬ ಮನುಷ್ಯನೂ ಇಲ್ಲ. ಬುದ್ಧನಿದ್ದಾನೆ, ಆದರೆ ಅವನು ಕ್ಯಾಲೆಂಡರಿನ ಬುದ್ಧ. ಕಣ್ಣು ಮುಚ್ಚಿ ಕುಳಿತಿದ್ದಾನೆ, ಯಾರನ್ನೂ ನೋಡುತ್ತಿಲ್ಲ. ದಯೆಯ ಮಾತು ಬಂದಾಗ ಬಸವಣ್ಣನ ವಚನ, ಪರಧರ್ಮ ಸಹನೆಯ ಮಾತು ಬಂದಾಗ ಕವಿರಾಜಮಾರ್ಗದ ಸಾಲು. ಎರಡೂ ನನಗೆ ಪ್ರಿಯವಾದವೇ. ಆದರೆ ಸಭೆಯಲ್ಲಿ ಅತಿಥಿಗಳಿಗೆ ಹಾರ ಹಾಕಿ ಕೂರಿಸಿದ ಹಾಗೆ ನೀನು ಅವುಗಳನ್ನು ಕೂರಿಸಿಬಿಟ್ಟಿದ್ದೀಯ, ಅವುಗಳಿಂದ ಏನೂ ಕೆಲಸ ಮಾಡಿಸಿಲ್ಲ.

ನನ್ನ ತಕರಾರು ನಿನ್ನ ನಂಬಿಕೆಯ ಮೇಲಲ್ಲ. ಯುದ್ಧ ಮಾಡಿದ ಗಾಯವನ್ನು ಕರುಣೆ ಮಾಯಿಸಬಲ್ಲದು, ಬೇರೆ ಬೇರೆ ಧರ್ಮದವರು ಕೂಡಿ ಆ ಕೆಲಸ ಮಾಡಬಲ್ಲರು ಎಂದು ನಾನೂ ನಂಬಿದ್ದೇನೆ. ಆದರೆ ಅದು ಎಲ್ಲಿ ನಡೆಯಿತು, ಯಾರು ಮಾಡಿದರು, ಅದಕ್ಕಾಗಿ ಏನು ತೆತ್ತರು ಎಂದು ಹೇಳದೆ ಹೋದರೆ ಓದುಗ ಯಾಕೆ ನಂಬಬೇಕು?

ಮೊದಲು ‘ಎಲ್ಲ ಧರ್ಮಗಳ ಸಾರ ಒಂದೇ’ ಎಂಬ ವಾಕ್ಯವನ್ನು ಹೊಡೆದುಹಾಕು. ಅದನ್ನು ಕೇಳಿ ತಲೆದೂಗದವರಿಲ್ಲ, ಕೇಳಿ ಬದಲಾದವರೂ ಇಲ್ಲ. ಜೊತೆಗೆ ಅದು ನಿಜವೂ ಅಲ್ಲ. ಸೃಷ್ಟಿಕರ್ತನಾದ ದೇವರನ್ನು ಬೌದ್ಧರು ಒಪ್ಪುವುದಿಲ್ಲ. ಅವನಿಲ್ಲದೆ ಇಸ್ಲಾಂ ಇಲ್ಲ, ಕ್ರೈಸ್ತ ಧರ್ಮವೂ ಇಲ್ಲ. ಆತ್ಮದ ವಿಷಯದಲ್ಲಿ ಜೈನರಿಗೂ ಬೌದ್ಧರಿಗೂ ಶತಮಾನಗಳ ವಾದವಿದೆ. ಈ ಭೇದಗಳನ್ನು ಮುಚ್ಚಿಟ್ಟು ತಂದ ಒಗ್ಗಟ್ಟು ಮೊದಲ ಜಗಳಕ್ಕೇ ಮುರಿಯುತ್ತದೆ. ಭೇದ ಇದ್ದೂ ಜನ ಹೇಗೆ ಕೂಡಿ ಬಾಳಿದರು ಎಂಬುದೇ ಬರೆಯಬೇಕಾದ ವಿಷಯ.

ನೀನು ಕಲಬುರಗಿಯವನಾಗಿ ಸನ್ನತಿಯನ್ನು ಬಿಟ್ಟದ್ದು ನನಗೆ ಆಶ್ಚರ್ಯ ತಂದಿತು. ಭೀಮಾ ನದಿಯ ದಂಡೆಯ ಆ ಊರಿನಲ್ಲಿ ಚಂದ್ರಲಾಂಬಾ ದೇವಸ್ಥಾನವಿದೆ. ಅದರ ಆವರಣದ ಕಾಳಿಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಆಮೇಲೆ ನೋಡಿದರೆ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು. ಅಶೋಕನ ಶಾಸನಗಳು, ಕಲ್ಲಿನ ಎರಡೂ ಮುಖಗಳಲ್ಲಿ. ಅವನ ಹದಿನಾಲ್ಕು ಬಂಡೆಗಲ್ಲು ಶಾಸನಗಳ ಸಾಲಿನ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು ಒಂದು ಮುಖದಲ್ಲಿ. ಇನ್ನೊಂದರಲ್ಲಿ ಆ ಸಾಲಿಗೆ ಸೇರದ, ಅದುವರೆಗೆ ಕಳಿಂಗದಲ್ಲಿ (ಇಂದಿನ ಒಡಿಶಾದ ಕಡೆ) ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. ಅಲ್ಲೇ ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ರಾಜದಂಪತಿಯ ಒಂದು ಉಬ್ಬುಶಿಲ್ಪ ಸಿಕ್ಕಿದೆ. ಅದರ ಮೇಲೆ ‘ರಾಯೋ ಅಸೋಕೋ’ ಎಂದು ಬರೆದಿದೆ.

ಆ ಹನ್ನೆರಡನೆಯ ಶಾಸನ ಓದು. ಎಲ್ಲ ಪಂಥಗಳೂ ಒಂದೇ ಎಂದು ಅರಸ ಎಲ್ಲೂ ಹೇಳುವುದಿಲ್ಲ. ದಾನ, ಸನ್ಮಾನಗಳಿಗಿಂತ ಪ್ರತಿಯೊಂದು ಪಂಥದ ಸತ್ವ ಬೆಳೆಯುವುದು ದೊಡ್ಡದು ಎನ್ನುತ್ತಾನೆ. ಅದರ ಬೇರು ನಾಲಿಗೆಯ ಮೇಲಿನ ಹಿಡಿತ: ಸಲ್ಲದ ಸಂದರ್ಭದಲ್ಲಿ ತನ್ನ ಪಂಥವನ್ನು ಹೊಗಳಬಾರದು, ಇನ್ನೊಬ್ಬರದನ್ನು ತೆಗಳಬಾರದು, ಕಾರಣವಿದ್ದಾಗಲೂ ಮಾತು ಮಿತವಾಗಿರಬೇಕು. ಭಕ್ತಿ ಹೆಚ್ಚಾಗಿ ತನ್ನದನ್ನು ಮೆರೆಸಲು ಹೊರಟವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಬೌದ್ಧ ಅರಸ ಹೀಗೆ ಹೇಳಿದ. ಮಾತನ್ನೇ ಕಸುಬು ಮಾಡಿಕೊಂಡಿರುವ ನನಗೆ ನಿನಗೆ ಇದಕ್ಕಿಂತ ನೇರವಾದ ಉಪದೇಶ ಇನ್ನೇನು ಬೇಕು?

ಇಲ್ಲಿ ಒಂದು ಎಚ್ಚರಿಕೆ. ಶಾಸನದ ಕಲ್ಲು ಕಾಳಿಯ ಪೀಠವಾಯಿತು ಎಂದ ಕೂಡಲೇ ಒಬ್ಬ ‘ನೋಡಿ, ಬೌದ್ಧರ ಮೇಲಿನ ದಬ್ಬಾಳಿಕೆ’ ಎಂದು ಬರೆಯುತ್ತಾನೆ. ಇನ್ನೊಬ್ಬ ‘ನೋಡಿ, ಎಂಥ ಸಾಮರಸ್ಯ’ ಎಂದು ಬರೆಯುತ್ತಾನೆ. ಇಬ್ಬರಿಗೂ ಆ ಕಲ್ಲು ಸಾಕ್ಷಿ ಹೇಳಿಲ್ಲ. ಬ್ರಾಹ್ಮಿಯನ್ನು ಓದುವ ವಿದ್ಯೆ ಕಳೆದುಹೋಗಿತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬಿಡಿಸುವವರೆಗೆ ಅದು ಯಾರಿಗೂ ತಿಳಿಯದ ಗೀಟುಗಳಷ್ಟೇ. ಪೀಠ ಕೂರಿಸಿದವರ ಮನಸ್ಸಿನಲ್ಲಿ ಏನಿತ್ತು ಎಂದು ನೀನು ಹೇಳಲಾರೆ, ಹೇಳಬೇಡ. ಕಂಡದ್ದನ್ನು ಕಂಡ ಹಾಗೆ ಬರೆದು ಮುಂದೆ ಹೋಗು. ಧರ್ಮದ ವಿಷಯ ಬರೆಯುವವನಿಗೆ ಈ ಸಂಯಮ ಇಲ್ಲದಿದ್ದರೆ ಅವನು ಶಾಂತಿಯ ಹೆಸರಿನಲ್ಲೇ ಬೆಂಕಿ ಹಚ್ಚಬಲ್ಲ.

ಅಶೋಕನನ್ನೂ ಸಕ್ಕರೆಗೊಂಬೆ ಮಾಡಬೇಡ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು ಎಂದು ಅವನೇ ಹದಿಮೂರನೆಯ ಶಾಸನದಲ್ಲಿ ಕೊರೆಸಿದ್ದಾನೆ, ಪಶ್ಚಾತ್ತಾಪಪಟ್ಟಿದ್ದಾನೆ. ಅದೇ ಶಾಸನದಲ್ಲಿ ಅರಣ್ಯವಾಸಿಗಳಿಗೆ, ನಾನು ನೊಂದಿದ್ದರೂ ನನಗೆ ದಂಡಿಸುವ ಶಕ್ತಿ ಇದೆ, ನೆನಪಿರಲಿ ಎಂಬ ಎಚ್ಚರಿಕೆಯೂ ಇದೆ. ಇನ್ನೊಂದು ಸಂಗತಿ: ಕಳಿಂಗದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಈ ಪಶ್ಚಾತ್ತಾಪದ ಶಾಸನವೇ ಇಲ್ಲ. ಅದರ ಜಾಗದಲ್ಲಿ, ಎಲ್ಲ ಮನುಷ್ಯರೂ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ ಎಂದು ಅಧಿಕಾರಿಗಳಿಗೆ ಬರೆದ ಆದೇಶಗಳಿವೆ. ಸೋತವರ ಮುಂದೆ ಗೆದ್ದವನು ತನ್ನ ದುಃಖ ತೋಡಿಕೊಳ್ಳಲಿಲ್ಲ, ಅವರನ್ನು ಆಳುವವರಿಗೆ ಕಟ್ಟುಪಾಡು ಹಾಕಿದ. ಇದರ ಬಗ್ಗೆ ನೀನು ಒಂದು ಪುಟ ಬರೆಯಬಹುದು. ನಾನಾಗಿದ್ದರೆ ಬರೆಯುತ್ತಿದ್ದೆ.

ಈಗ ಕಾಂಬೋಡಿಯಾಕ್ಕೆ ಬರೋಣ. ಅಲ್ಲಿನ ಬೌದ್ಧ ಭಿಕ್ಷು ಮಹಾ ಘೋಸಾನಂದರ ಹೆಸರು ನಿನ್ನ ಲೇಖನದಲ್ಲಿಲ್ಲ, ಕನ್ನಡದಲ್ಲಿ ಅವರ ಬಗ್ಗೆ ಬರೆದವರೂ ಕಡಿಮೆ. 1975ರಿಂದ 1979ರವರೆಗಿನ ಖಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಆ ಪುಟ್ಟ ದೇಶದಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಭಿಕ್ಷುಗಳು ಉಡುವ ಚೀವರ ಕಳಚಿಸಿದರು, ವಿಹಾರಗಳನ್ನು ಹಾಳುಗೆಡವಿದರು. ಆ ಹೊತ್ತಿಗೆ ಥಾಯ್ಲೆಂಡಿನ ಅರಣ್ಯ ವಿಹಾರದಲ್ಲಿದ್ದ ಘೋಸಾನಂದರು ಉಳಿದರು; ಅವರ ಮನೆಯವರು ಉಳಿಯಲಿಲ್ಲ. ಗಡಿಯ ಸಾಕೇವ್ ಶಿಬಿರಕ್ಕೆ ನಿರಾಶ್ರಿತರು ಬಂದಾಗ ಅವರು ಅಲ್ಲಿಗೆ ಹೋದರು. ಶಿಬಿರದಲ್ಲಿ ಕೊಂದವರೂ ಇದ್ದರು, ಕೊಲೆಯಾದವರ ಬಂಧುಗಳೂ ಇದ್ದರು. ಬಿದಿರಿನ ಗುಡಿ ಕಟ್ಟಿ, ಎಲ್ಲ ಜೀವಿಗಳಿಗೂ ಒಳಿತು ಬಯಸುವ ಬುದ್ಧವಚನವಾದ ಮೈತ್ರಿಸೂತ್ರದ ಹಾಳೆಗಳನ್ನು ಹಂಚಿ, ಹಗೆಯಿಂದ ಹಗೆ ಅಡಗದು ಎಂಬ ಧಮ್ಮಪದದ ಗಾಥೆಯನ್ನು ಅವರು ಹೇಳತೊಡಗಿದರು. ನಿನ್ನ ಲೇಖನದ ಮೂರನೆಯ ಪುಟದಲ್ಲಿಯೂ ಅದೇ ಗಾಥೆ ಇದೆ. ಅದನ್ನು ಯಾರು, ಯಾರ ಎದುರು, ಯಾರನ್ನು ಕಳೆದುಕೊಂಡು ಹೇಳಿದರು ಎಂಬುದು ತಿಳಿದ ಮೇಲೆ ಮತ್ತೊಮ್ಮೆ ಓದಿ ನೋಡು.

1992ರಲ್ಲಿ ಅವರು ಗಡಿಯಿಂದ ರಾಜಧಾನಿ ನಾಮ್ ಪೆನ್‌ವರೆಗೆ ಪಾದಯಾತ್ರೆ ಮಾಡಿದರು. ಅದಕ್ಕೆ ಧಮ್ಮಯಾತ್ರೆ ಎಂದು ಹೆಸರು. ನೆಲಬಾಂಬುಗಳ ನಾಡಿನಲ್ಲಿ ಕಾಲ್ನಡಿಗೆ! ಜೊತೆಗೆ ನಿಂತು ಏರ್ಪಾಡು ಮಾಡಿದವರಲ್ಲಿ ಕ್ರೈಸ್ತರೂ ಇದ್ದರು. ಮುಂದೆ ಅದು ವರ್ಷವರ್ಷದ ಯಾತ್ರೆಯಾಯಿತು. 1994ರಲ್ಲಿ ಯಾತ್ರಿಕರು ಗುಂಡಿನ ಕಾಳಗದ ನಡುವೆ ಸಿಕ್ಕಿಕೊಂಡರು. ಒಬ್ಬ ಭಿಕ್ಷು, ಒಬ್ಬ ಸನ್ಯಾಸಿನಿ ಸತ್ತರು. ಆಮೇಲೂ ಯಾತ್ರೆ ನಿಲ್ಲಲಿಲ್ಲ.

ಘೋಸಾನಂದರು ಬಿಹಾರದ ನಾಲಂದದಲ್ಲಿ ಓದಿದವರು. ಜಪಾನಿನ ಭಿಕ್ಷು ನಿಚಿದಾತ್ಸು ಫುಜಿಯವರ ಬಳಿಯೂ ಕಲಿತಿದ್ದರು. ಆ ಫುಜಿಯವರು 1933ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡಿದ್ದರು. ಗಾಂಧೀಜಿ ತಮ್ಮ ಅಹಿಂಸೆಗೆ ಗೀತೆಯಿಂದಲೂ ಜೈನ ಗೆಳೆಯರಿಂದಲೂ ಯೇಸುವಿನ ಗಿರಿಪ್ರವಚನದಿಂದಲೂ ಬಲ ಪಡೆದವರು. ಧರ್ಮಗಳು ಹಂಚಿಕೊಂಡ ಮೌಲ್ಯ ಎಂದು ನೀನು ಬರೆದಿದ್ದೀಯಲ್ಲ, ಅದು ಹೀಗೆ ಕೈಯಿಂದ ಕೈಗೆ ದಾಟುತ್ತದೆ ಎಂದು ನನಗನಿಸುತ್ತದೆ. ಸಮ್ಮೇಳನಗಳ ಜಂಟಿ ಘೋಷಣೆಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಅವು ಬೇಡವೆಂದಲ್ಲ, ಅವನ್ನು ಬರೆಯಲು ಬೇರೆಯವರಿದ್ದಾರೆ.

ಕಹಿಯನ್ನೂ ಬರೆ. 1959ರಲ್ಲಿ ಶ್ರೀಲಂಕಾದ ಪ್ರಧಾನಿ ಬಂಡಾರನಾಯಕೆಯವರನ್ನು ಗುಂಡಿಟ್ಟು ಕೊಂದವನು ಒಬ್ಬ ಬೌದ್ಧ ಭಿಕ್ಷು. ಮ್ಯಾನ್ಮಾರ್‌ನಲ್ಲಿ 2007ರಲ್ಲಿ ಸಾವಿರಾರು ಭಿಕ್ಷುಗಳು ಸೇನಾ ಆಡಳಿತದ ಎದುರು ಮೈತ್ರಿಸೂತ್ರ ಪಠಿಸುತ್ತಾ ಬೀದಿಗಿಳಿದರು. ಕೆಲವೇ ವರ್ಷಗಳಲ್ಲಿ ಅದೇ ನಾಡಿನ ಕೆಲವು ಭಿಕ್ಷುಗಳು ಮುಸ್ಲಿಮರ ವಿರುದ್ಧ ವಿಷ ಕಾರುವ ಭಾಷಣ ಮಾಡುತ್ತಿದ್ದರು. 2017ರಲ್ಲಿ ಸೇನೆಯ ದಾಳಿಗೆ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿದರು. ಚೀವರ ಉಟ್ಟ ಮಾತ್ರಕ್ಕೆ ಕರುಣೆ ಬರುವುದಿಲ್ಲ. 2013ರಲ್ಲಿ ಮೇಯ್ಟಿಲಾ ಪಟ್ಟಣ ಹತ್ತಿ ಉರಿದಾಗ ಅಲ್ಲಿನ ಒಬ್ಬ ಹಿರಿಯ ಭಿಕ್ಷು ನೂರಾರು ಮುಸ್ಲಿಮರಿಗೆ ತನ್ನ ವಿಹಾರದಲ್ಲಿ ಆಶ್ರಯ ಕೊಟ್ಟರು ಎಂಬುದನ್ನೂ ಸೇರಿಸು, ಆದರೆ ಮೊದಲಿನದನ್ನು ತೊಳೆದುಹಾಕಲು ಇದನ್ನು ಬಳಸಬೇಡ. ಎರಡೂ ಇರಲಿ.

ಕಲಬುರಗಿಯಲ್ಲಿ ಕುಳಿತು ಬೌದ್ಧ ಧರ್ಮದ ಬಗ್ಗೆ ಬರೆಯುವವನು ಅಂಬೇಡ್ಕರ್ ಅವರನ್ನು ಒಂದು ಸಾಲಿನಲ್ಲಿ ಮುಗಿಸುವಂತಿಲ್ಲ. ನೀನು ಮುಗಿಸಿದ್ದೀಯ. 1954ರ ಆಕಾಶವಾಣಿ ಭಾಷಣದಲ್ಲಿ ಅವರು, ಸ್ವಾತಂತ್ರ್ಯ ಸಮಾನತೆ ಸೋದರತೆಗಳನ್ನು ನಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ನನ್ನ ಗುರು ಬುದ್ಧನಿಂದ ಪಡೆದೆ ಎಂದರು. ಎರಡು ವರ್ಷಗಳ ನಂತರ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ದೀಕ್ಷೆ ಪಡೆದರು. ಆ ಜನ ಅಲ್ಲಿಗೆ ಬಂದದ್ದು ಯಾರದೋ ಕನಿಕರ ಬೇಡಲಿಕ್ಕಲ್ಲ, ಸಮಾನರಾಗಿ ನಿಲ್ಲಲಿಕ್ಕೆ. ನಿನ್ನ ಲೇಖನದ ಕರುಣೆ ಎಲ್ಲ ಕಡೆಯೂ ಮೇಲಿನಿಂದ ಕೆಳಕ್ಕೆ ಸುರಿಯುತ್ತದೆ. ‘ದೀನರ ಮೇಲೆ ಮರುಕ’ ಎಂದು ಬರೆದಿದ್ದೀಯ. ಆ ದೀನನೇ ನಿನ್ನ ಲೇಖನ ಓದಿದರೆ ಅವನಿಗೆ ಏನನ್ನಿಸೀತು? ಊರಿನ ಬಾವಿಗೆ ಬೇಲಿ ಇರುವ ತನಕ ಆ ಊರಿನಲ್ಲಿ ಜಗಳ ಇಲ್ಲದಿರುವುದನ್ನು ಶಾಂತಿ ಎಂದು ಕರೆಯುವುದು ನನಗೆ ಆಗದ ಮಾತು.

ಬೈಲಕುಪ್ಪೆಯ ಬಗ್ಗೆ ನೀನು ಬರೆದ ಭಾಗ ಪ್ರವಾಸದ ಕೈಪಿಡಿಯ ಹಾಗಿದೆ: ಚಿನ್ನದ ಬಣ್ಣದ ಬುದ್ಧ, ಕೆಂಪು ವಸ್ತ್ರದ ಮರಿ ಲಾಮಾಗಳು, ಮೊಮೊ. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಕೊಟ್ಟ ಸುಮಾರು ಮೂರು ಸಾವಿರ ಎಕರೆಯಲ್ಲಿ, ಕಾಡು ಕಡಿದು ಟಿಬೆಟ್‌ನಿಂದ ಬಂದ ನಿರಾಶ್ರಿತರು ನೆಲೆ ನಿಂತರು. ಬಿಸಿಲಿಗೆ ಒಗ್ಗದ ಮೈ, ಭಾಷೆ ಬಾರದ ನಾಲಿಗೆ. ದೇಶ ಕಳೆದುಕೊಂಡೂ ಚೀನೀಯರನ್ನು ದ್ವೇಷಿಸಬೇಡಿ ಎನ್ನುವ ದಲೈ ಲಾಮಾ ಅವರ ಮಾತು ಅಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಸುಲಭವಾಗಿ ಒಪ್ಪಿಗೆಯಾಗುತ್ತದೆಯೇ? ವಿದೇಶಕ್ಕೆ ಹೊರಟ ಗೆಳೆಯರ ಬಗ್ಗೆ ಅವನು ಏನು ಹೇಳುತ್ತಾನೆ? ಪಕ್ಕದ ಹಳ್ಳಿಯ ರೈತ ಈ ನೆರೆಯವರನ್ನು ಹೇಗೆ ಕಾಣುತ್ತಾನೆ, ವ್ಯಾಪಾರದಲ್ಲಿ, ಜಮೀನಿನ ಲೆಕ್ಕದಲ್ಲಿ, ಹಬ್ಬದಲ್ಲಿ? ಲಾಮಾಗಳ ಜೊತೆ ಫೋಟೊ ತೆಗೆಸಿಕೊಂಡು ಬಂದರೆ ಇದಾವುದೂ ತಿಳಿಯುವುದಿಲ್ಲ. ಒಂದು ವಾರ ಅಲ್ಲಿರು. ಕನ್ನಡ ಬಲ್ಲ ಟಿಬೆಟನ್ನರು ಬೇಕಾದಷ್ಟು ಜನರಿದ್ದಾರೆ, ಭಾಷೆಯ ನೆಪ ಹೇಳಬೇಡ. ಹುಡುಗನ ಮಾತು, ರೈತನ ಮಾತು ಎರಡನ್ನೂ ಅವರು ಆಡಿದ ಹಾಗೆ ಬರೆದು, ನಿನ್ನ ಅಭಿಪ್ರಾಯವನ್ನು ಬೇರೆ ಹಾಳೆಯಲ್ಲಿಟ್ಟು ನನಗೆ ಕಳಿಸು. ಪತ್ರಿಕೆಗೆ ಈಗಲೇ ಕೊಡಬೇಡ. ಬುದ್ಧ ಪೂರ್ಣಿಮೆಯ ವಿಶೇಷಾಂಕ ತಪ್ಪಿದರೂ ತೊಂದರೆಯಿಲ್ಲ.

ನಿನ್ನ
ಅಕ್ಕ